ಹಿಡಿ, ಒರೆ, ಅಲಗು ಒಟ್ಟಿಗೇ ಹಳತಾಗಿರಬೇಕು

ಜರ್ಮನ್ ಕಠಾರಿಯೊಂದು ಕೈಗೆ ಬಂದರೆ ನಾನು ಅದನ್ನು ಒರೆಯಿಂದ ಎಳೆಯುವುದು ತುಂಬಾ ಆಮೇಲೆ. ಮೊದಲು ನೋಡುವುದು ಸ್ಕ್ರೂ. ಒರೆಯ ಬಾಯಿಯ ಹತ್ತಿರ ಎರಡೂ ಪಕ್ಕದಲ್ಲಿ ಒಂದೊಂದು ಪುಟ್ಟ ಸ್ಕ್ರೂ ಇರುತ್ತದೆ. ಅದರ ತಲೆಯ ಗೀರು ಇನ್ನೂ ಚೂಪಾಗಿದೆಯಾ? ಯಾರಾದರೂ ಅಳತೆಗೆ ಸರಿಯಿಲ್ಲದ ಡ್ರೈವರ್ ಹಾಕಿ ಕಿತ್ತಿದ್ದಾರಾ? ಗೀರಿನೊಳಗೆ ಕೂತ ಕೊಳೆ ಸುತ್ತಲಿನ ಕೊಳೆಯಷ್ಟೇ ಹಳೆಯದಾ? ಇಷ್ಟು ನೋಡಿದರೆ ಅದನ್ನು ಯಾರಾದರೂ ಬಿಚ್ಚಿದ್ದಾರೋ ಇಲ್ಲವೋ ಗೊತ್ತಾಗುತ್ತದೆ. ಬಿಚ್ಚಿದ್ದರೆ ಯಾಕೆ ಬಿಚ್ಚಿದರು ಅನ್ನುವುದು ಮುಂದಿನ ಪ್ರಶ್ನೆ.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮ್ಮದು ವಾಚ್ ರಿಪೇರಿ ಅಂಗಡಿ, ಅಪ್ಪನ ಕಾಲದ್ದು. ಲೇಪ, ಹಿತ್ತಾಳೆ, ಸವೆತ, ಸ್ಕ್ರೂ ತಲೆ, ದಿನವಿಡೀ ನಾನು ನೋಡುವುದು ಇವನ್ನೇ. ಹಳೆ ವಾಚುಗಳಲ್ಲಿ ಕೇಸು ಒಂದರದ್ದು, ಡಯಲ್ ಇನ್ನೊಂದರದ್ದು, ಮಶಿನ್ ಮತ್ತೊಂದರದ್ದು ಹಾಕಿ ಮಾರುವವರು ಜಾಸ್ತಿ. ಹಾಗಾಗಿ ಯಾವುದೇ ಹಳೆ ವಸ್ತು ಕಂಡರೂ ಇದರ ಭಾಗಗಳೆಲ್ಲ ಒಟ್ಟಿಗೇ ಬದುಕಿವೆಯಾ ಎಂದು ನೋಡುವ ಅಭ್ಯಾಸ ಬೆಳೆದುಬಿಟ್ಟಿದೆ. ಕಠಾರಿಗಳ ಮೇಲೆ ನನಗೆ ಆಸೆ ಹುಟ್ಟಿದ್ದೂ ಹೀಗೆಯೇ. ಗೊತ್ತಿರುವ ಕೆಲಸವನ್ನೇ ಸ್ವಲ್ಪ ದೊಡ್ಡ ವಸ್ತುವಿನ ಮೇಲೆ ಮಾಡುವ ಖುಷಿ.

ನಾನು ಹೇಳುತ್ತಿರುವುದು ಯುದ್ಧದಲ್ಲಿ ಇರಿಯುವ ಕಠಾರಿಗಳ ಬಗ್ಗೆ ಅಲ್ಲ. ಇವು ಅಧಿಕಾರಿಗಳು ಸಮವಸ್ತ್ರದ ಜೊತೆ ಸೊಂಟಕ್ಕೆ ತೂಗುಹಾಕಿಕೊಳ್ಳುತ್ತಿದ್ದವು. ಅಲಗಿಗೆ ಹರಿತ ಕೊಟ್ಟಿರುವುದಿಲ್ಲ. ಜರ್ಮನ್ ನೌಕಾಪಡೆಯಲ್ಲಿ ಈ ಪದ್ಧತಿ ಕೈಸರ್ ಎಂಬ ಚಕ್ರವರ್ತಿಗಳ ಕಾಲದಿಂದಲೇ, ಅಂದರೆ ಮೊದಲ ಮಹಾಯುದ್ಧಕ್ಕೂ ಮೊದಲಿನಿಂದಲೇ ಇತ್ತು. ಭೂಸೇನೆಯ ಅಧಿಕಾರಿಗಳಿಗೆ ಬಂದದ್ದು 1935ರ ಮೇ ತಿಂಗಳಲ್ಲಿ. ವಾಯುಪಡೆಗೆ ಮೊದಲು ನೀಲಿ ಚರ್ಮ ಸುತ್ತಿದ ಒಂದು ಮಾದರಿ ಇತ್ತು, 1937ರಲ್ಲಿ ಇನ್ನೊಂದು ಬಂತು. ನೌಕಾಪಡೆಯ ಕಠಾರಿಯಲ್ಲಿ ಹಿಡಿಯ ತುದಿಗೆ 1938ರವರೆಗೆ ಜ್ವಾಲೆ ಎದ್ದ ಗುಂಡು, ಆಮೇಲೆ ಹದ್ದು. ವರ್ಷ ಗುರುತಿಸಲು ಈ ತರಹದ ಬದಲಾವಣೆಗಳೇ ಮೊದಲ ಮೆಟ್ಟಿಲು.

ಹೆಚ್ಚುಕಡಿಮೆ ಎಲ್ಲವೂ ತಯಾರಾದದ್ದು ಸೋಲಿಂಗನ್ ಎಂಬ ಒಂದೇ ಊರಲ್ಲಿ. ನಮ್ಮ ಕಡೆಯವರಿಗೆ ಆ ಊರು ಅರ್ಥವಾಗುವುದು ಸುಲಭ. ಗುಡ್ಡಗಾಡು, ಮಳೆ ಜಾಸ್ತಿ, ವುಪ್ಪರ್ ಎಂಬ ಹೊಳೆ, ಅದಕ್ಕೆ ಸೇರುವ ಹಳ್ಳಗಳು. ಆ ನೀರಿನಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುತ್ತಿದ್ದರು. ಹೊಳೆಬದಿಯ ಸಾಣೆಮನೆಗಳಿಗೆ ಕೊಟ್ಟನ್ ಎನ್ನುತ್ತಾರೆ. ಬಾಲ್ಖಾವುಸರ್ ಕೊಟ್ಟನ್, ವಿಪ್ಪರ್‌ಕೊಟ್ಟನ್ ಎಂಬ ಎರಡು ಈಗಲೂ ಉಳಿದಿವೆ. ಅಲ್ಲಿ ಒಬ್ಬನೇ ಕೂತು ಇಡೀ ಕತ್ತಿ ಮಾಡುತ್ತಿರಲಿಲ್ಲ. ಕಬ್ಬಿಣ ಬಡಿಯುವವನು ಬೇರೆ, ಹದ ಕೊಡುವವನು ಬೇರೆ, ಸಾಣೆಯವನು ಬೇರೆ, ಹಿಡಿ ಕೂರಿಸುವವನು ಬೇರೆ. ಸಾಣೆಯವರಲ್ಲಿ ಎಷ್ಟೋ ಜನ ಸ್ವಂತ ಜಾಗದಲ್ಲಿ ಕೂತು ಬೇರೆ ಬೇರೆ ಕಂಪನಿಗಳಿಗೆ ಕೆಲಸ ಮಾಡುತ್ತಿದ್ದರು. ಎರಡು ಕಂಪನಿಗಳ ಅಲಗುಗಳು ಒಂದೇ ತರಹ ಕಂಡರೆ ಆಶ್ಚರ್ಯ ಪಡಬೇಕಾಗಿಲ್ಲ.

ಕಂಪನಿಯ ಮುದ್ರೆ ಅಲಗಿನ ಬುಡದಲ್ಲಿ ಇರುತ್ತದೆ. ಕಾರ್ಲ್ ಐಕ್‌ಹಾರ್ನ್ ಅವರದ್ದು ಕತ್ತಿ ಹಿಡಿದು ಕೂತ ಅಳಿಲು. ವೇಯರ್ಸ್‌ಬರ್ಗ್ ಕಿರ್ಷ್‌ಬಾವುಮ್ ಅವರದ್ದು ಶಿರಸ್ತ್ರಾಣ ತೊಟ್ಟ ಯೋಧನ ತಲೆ. ಹೋಲರ್ ಅವರದ್ದು ಥರ್ಮಾಮೀಟರ್. ರಾಬರ್ಟ್ ಕ್ಲಾಸ್ ಅವರದ್ದು ಕೊಕ್ಕು ತಾಗಿಸಿ ನಿಂತ ಎರಡು ಕೊಕ್ಕರೆ. ಒಂದೇ ಕಂಪನಿಯ ಮುದ್ರೆಯೂ ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಆದರೆ ಮುದ್ರೆಯೊಂದನ್ನೇ ನಂಬಿ ದುಡ್ಡು ಕೊಡಬಾರದು. ಒಂದು ಮುದ್ರೆಯನ್ನು ನಕಲು ಮಾಡುವುದು ಸುಲಭ, ಒಂದು ಸವೆತವನ್ನು ನಕಲು ಮಾಡುವುದು ಕಷ್ಟ.

ಸವೆತ ಅಂದರೆ ಏನು ಅಂತ ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ.

ಹೊಸನಗರದ ಕಡೆ ಒಂದು ಅಡಿಕೆ ತೋಟದ ಮನೆ. ಅಲ್ಲಿನ ಅಜ್ಜ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವರು. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾಕ್ಕೆ ಹೋದ 4ನೇ ಭಾರತೀಯ ಡಿವಿಷನ್ ಜೊತೆ ಮದ್ರಾಸ್ ಸ್ಯಾಪರ್‌ಗಳೂ ಇದ್ದರು. 1943ರ ಮೇ ತಿಂಗಳಲ್ಲಿ ಟುನೀಶಿಯಾದಲ್ಲಿ ಜರ್ಮನ್ ಸೇನಾಪತಿ ಫಾನ್ ಆರ್ನಿಮ್ ಶರಣಾದದ್ದು ಇದೇ ಡಿವಿಷನ್ನಿಗೆ. ಆಗ ಲಕ್ಷಗಟ್ಟಲೆ ಸೈನಿಕರು ಸೆರೆಯಾದರು. ಅಜ್ಜ ಒಂದು ಕಠಾರಿ ತಂದರು, ಖಾಕಿ ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯ ತಳದಲ್ಲಿ ಇಟ್ಟರು, ಅದರ ಬಗ್ಗೆ ಮನೆಯಲ್ಲಿ ಹೆಚ್ಚು ಮಾತಾಡಲಿಲ್ಲ. ಅವರು ಹೋದ ಮೇಲೆ ಮೊಮ್ಮಗ ನನ್ನನ್ನು ಕರೆದುಕೊಂಡು ಹೋದ. ಅಜ್ಜಿಯೇ ಪೆಟ್ಟಿಗೆ ತೆಗೆದು ಕೈಗೆ ಕೊಟ್ಟರು.

"ನೋಡು ತಮ್ಮಾ. ಚಂದಕ್ಕೆ ಅಷ್ಟೇ ಅದು. ಒಂದು ಸೌತೆಕಾಯಿ ಕೊಯ್ಯಕ್ಕೂ ಬರದಿಲ್ಲ."

"ಯಾರಾದ್ರೂ ಸಾಣೆ ಹಿಡ್ದಿದ್ರಾ ಅಮ್ಮಾ?"

"ಇಲ್ಲಪ್ಪ. ಅವ್ರು ಮುಟ್ಟಕ್ಕೇ ಬಿಡ್ತಿರ್ಲಿಲ್ಲ."

ಆ ಒಂದು ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಅಂದರೆ ಹೇಳುವುದು ಕಷ್ಟ. ಮಲೆನಾಡಿನ ಮನೆಗಳಲ್ಲಿ ಅಲಗಿದ್ದ ವಸ್ತು ಯಾವುದಾದರೂ ಸಾಣೆಕಲ್ಲು ನೋಡದೆ ಉಳಿಯುವುದು ಅಪರೂಪ, ಅಲ್ವಾ? ಈ ಕಠಾರಿಗಳ ಅಲಗಿಗೆ ನಿಕ್ಕಲ್ ಲೇಪ ಇರುತ್ತದೆ. ಒಂದು ಸಲ ಕಲ್ಲಿಗೆ ತಿಕ್ಕಿದರೆ ಲೇಪ ಹೋಯಿತು, ಅದರ ಜೊತೆ ಬೆಲೆಯೂ ಹೋಯಿತು.

ಅದು ಭೂಸೇನೆಯ ಅಧಿಕಾರಿಯ ಕಠಾರಿ. ಜಗಲಿಯ ಬೆಳಕಿನಲ್ಲಿ ಬಿಳಿ ಪಂಚೆ ಹಾಸಿ ಇಟ್ಟುಕೊಂಡು ನೋಡಿದೆ. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯ ಮುಂದೆ ಹದ್ದು, ಅದರ ಕಾಲಡಿ ಹಾರದೊಳಗೆ ಸ್ವಸ್ತಿಕ. ಹಿಡಿಯ ತುದಿಯ ಗುಂಡಿಗೆ ಓಕ್ ಎಲೆಗಳ ಸುತ್ತು. ಒರೆಯ ಎರಡೂ ಮುಖಕ್ಕೆ ಸಣ್ಣ ಸಣ್ಣ ಗುಳ್ಳೆ ಎದ್ದಂತೆ ಕೆಲಸ, ಎರಡು ಕಡೆ ಓಕ್ ಎಲೆಯ ಪಟ್ಟಿ, ಪಟ್ಟಿಗೊಂದು ಬಳೆ. ಆ ಬಳೆಗಳಿಂದ ಅದು ಸೊಂಟಕ್ಕೆ ತೂಗುತ್ತಿತ್ತು.

ಹದ್ದು ಹೊರಗೆ ಕಾಣಬೇಕು ಅನ್ನುವ ಕಾರಣಕ್ಕೆ ಕಠಾರಿ ಯಾವಾಗಲೂ ಒಂದೇ ಮುಖ ಹೊರಗೆ ಮಾಡಿ ತೂಗುತ್ತದೆ. ಹಾಗಾದರೆ ಹಿಂದಿನ ಮುಖ ಸದಾ ಕೋಟಿಗೆ ಉಜ್ಜುತ್ತಿರಬೇಕು. ಒರೆಯನ್ನು ತಿರುಗಿಸಿದೆ. ಮುಂದೆ ಗುಳ್ಳೆಗಳು ಚೂಪಾಗಿ ಬೆರಳಿಗೆ ತಾಗುತ್ತಿದ್ದವು, ಹಿಂದೆ ಮಧ್ಯಭಾಗದಲ್ಲಿ ನುಣ್ಣಗೆ. ಓಕ್ ಎಲೆಯ ಪಟ್ಟಿಯ ಹಿಂಭಾಗದಲ್ಲೂ ಎಲೆಯ ನರಗಳು ಅಳಿಸಿಹೋಗಿದ್ದವು. ಅಡ್ಡಪಟ್ಟಿಯ ಹಿಂದೆ ಕೂಡ ಬೆಳ್ಳಿ ಲೇಪ ಹೋಗಿ ಹಿತ್ತಾಳೆ ಹಳದಿ ಕಾಣುತ್ತಿತ್ತು. ಬಳೆ ಆಡಿ ಆಡಿ ಪಟ್ಟಿಯ ಕಿವಿಯಲ್ಲಿ ಒಂದು ಸಣ್ಣ ತಗ್ಗು ಬಿದ್ದಿತ್ತು. ಮೂರು ಬೇರೆ ಬೇರೆ ಭಾಗ, ಒಂದೇ ಕಡೆ ಸವೆತ. ಈ ಒರೆ ಈ ಕಠಾರಿಯದ್ದೇ.

ಆಮೇಲೆ ಅಲಗು ಎಳೆದೆ. ಒರೆಯ ಬಾಯೊಳಗೆ ಅಲಗು ಅಲ್ಲಾಡದಂತೆ ತೆಳು ಲೋಹದ ಪಟ್ಟಿಗಳಿರುತ್ತವೆ. ಅಲಗು ಹೋಗಿ ಬಂದು ಮಾಡಿದಾಗ ಅವು ಉದ್ದಕ್ಕೂ ಸಣ್ಣ ಗೀರು ಎಳೆಯುತ್ತವೆ. ಲೂಪು, ಅಂದರೆ ವಾಚ್ ರಿಪೇರಿಯ ಕಣ್ಣಿನ ಭೂತಗನ್ನಡಿ, ಹಾಕಿ ನೋಡಿದರೆ ಗೀರು ನೇರವಾಗಿ, ಒಂದೇ ಜಾಗದಲ್ಲಿ, ತುದಿಯವರೆಗೆ ಇತ್ತು. ಹಳೆ ಅಲಗಿಗೆ ಬೇರೆ ಒರೆ ಹಾಕಿದ್ದರೆ ಇಲ್ಲಿ ಎರಡು ಸಾಲು ಗೀರು ಕಾಣುವ ಸಾಧ್ಯತೆ ಜಾಸ್ತಿ. ಅಲಗಿನ ಬುಡದಲ್ಲಿ, ಅಡ್ಡಪಟ್ಟಿಗೆ ತಾಗುವಲ್ಲಿ, ಚರ್ಮದ ತೆಳು ತುಂಡು ಹಾಗೇ ಇತ್ತು. ಒಣಗಿ ಗಟ್ಟಿಯಾಗಿತ್ತು. ಅದನ್ನು ನಾನು ಮುಟ್ಟಲಿಲ್ಲ.

ಇನ್ನು ಹಿಡಿ. ಜೇನುತುಪ್ಪದ ಬಣ್ಣ, ತಿರುಚಿದ ಏಣು. ಭೂಸೇನೆಯ ಕಠಾರಿಯ ಹಿಡಿ ಹೆಚ್ಚಾಗಿ ಮರ ಅಥವಾ ಪ್ಲಾಸ್ಟರ್ ಮೇಲೆ ಸೆಲ್ಯುಲಾಯ್ಡ್ ಎಂಬ ಹಳೆ ಕಾಲದ ಪ್ಲಾಸ್ಟಿಕ್ ಹೊದಿಸಿದ್ದು. ಬಿಳಿಯಿಂದ ಹಿಡಿದು ಗಾಢ ಕಿತ್ತಳೆವರೆಗೆ ಬಣ್ಣಗಳು ಸಿಗುತ್ತವೆ. ಇದು ಸೆಲ್ಯುಲಾಯ್ಡ್ ಹೌದೋ ಅಲ್ಲವೋ ತಿಳಿಯಲು ಕಾದ ಸೂಜಿ ಚುಚ್ಚಿ ನೋಡಿ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಸೆಲ್ಯುಲಾಯ್ಡ್ ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ, ಬಿಸಿಯಾದ ಕೂಡಲೇ ಮೂಗಿಗೆ ಹಿಡಿಯಿರಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್, ಯಾಕೆಂದರೆ ಅದನ್ನು ಮಾಡುವಾಗ ಕರ್ಪೂರ ಹಾಕುತ್ತಾರೆ. ಈ ಪರೀಕ್ಷೆಯಲ್ಲಿ ನಮಗಿಂತ ಚೆನ್ನಾಗಿ ಮೂಗು ಬಳಸುವವರು ಯಾರಿದ್ದಾರೆ! ಅಜ್ಜಿಯ ಕೈಗೆ ಕೊಟ್ಟೆ. ಮೂಸಿ ನೋಡಿ "ಮಂಗಳಾರತಿ" ಅಂದರು.

ಹಳೆಯ ನೌಕಾ ಕಠಾರಿಗಳಲ್ಲಿ, ಅದರಲ್ಲೂ ಕೈಸರ್ ಕಾಲದವುಗಳಲ್ಲಿ, ನಿಜವಾದ ದಂತದ ಹಿಡಿಯೂ ಸಿಗುತ್ತದೆ. ಆ ತರಹದ ಸಂಶಯ ಬಂದಾಗ ಸಾಗರದಲ್ಲಿ ಗುಡಿಗಾರ ಮನೆತನದ ಒಬ್ಬ ಹಿರಿಯರನ್ನು ನಾನು ಕೇಳುತ್ತೇನೆ. ಅವರ ಹಿಂದಿನವರು ಗಂಧದ ಮರದ ಜೊತೆ ದಂತವನ್ನೂ ಕೆತ್ತಿದವರು. ದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ಕತ್ತರಿಸುವ ಬಾಗಿದ ಗೆರೆಗಳ ಬಲೆ ಕಾಣುತ್ತದೆ. ಸೆಲ್ಯುಲಾಯ್ಡಿನಲ್ಲಿ ದಂತದ ಹಾಗೆ ಗೆರೆ ಮಾಡಿರುತ್ತಾರೆ, ಆದರೆ ಅವು ಉದ್ದಕ್ಕೂ ಸಮಾನಾಂತರವಾಗಿ ಓಡುತ್ತವೆ, ಹೆಣೆದುಕೊಳ್ಳುವುದಿಲ್ಲ. ಆನೆದಂತದ ವ್ಯಾಪಾರ ನಮ್ಮ ದೇಶದಲ್ಲಿ ನಿಷೇಧ. ಆದ್ದರಿಂದ ದಂತದ ಹಿಡಿ ಎಂದು ಯಾರಾದರೂ ಮಾರಲು ಬಂದರೆ ನಾನು ಕೈ ಮುಗಿದು ಕಳಿಸುತ್ತೇನೆ. ನೋಡಿ ಗುರುತಿಸುವುದು ಬೇರೆ, ಕೊಳ್ಳುವುದು ಬೇರೆ.

ಹೊಸನಗರದ ಕಠಾರಿಯ ಅಲಗಿನ ಮುದ್ರೆಯನ್ನು ನಾನು ಕೊನೆಗೆ ಓದಿದೆ. ಒಂದು ತಕ್ಕಡಿ, ಜೊತೆಗೆ ಆಲ್ಕೋಸೋ ಎಂಬ ಹೆಸರು. ಅಲೆಕ್ಸಾಂಡರ್ ಕೊಪ್ಪೆಲ್, ಸೋಲಿಂಗನ್ ಎಂಬುದರ ಮೊದಲ ಅಕ್ಷರಗಳು ಅವು.

ಕೊಪ್ಪೆಲ್ ಕುಟುಂಬ ಯಹೂದಿಗಳದ್ದು. 19ನೇ ಶತಮಾನದಿಂದ ಸೋಲಿಂಗನ್ನಿನಲ್ಲಿ ಅಲಗು ಮಾಡಿದವರು. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ 1930ರ ದಶಕದಲ್ಲೇ ಕಂಪನಿಯನ್ನು ಅವರ ಕೈಯಿಂದ ಕಿತ್ತುಕೊಂಡರು. ಹೆಸರು, ತಕ್ಕಡಿ ಮುದ್ರೆ ಮಾತ್ರ ಹಾಗೇ ಉಳಿಯಿತು. ವ್ಯಾಪಾರಕ್ಕೆ ಬೇಕಿತ್ತಲ್ಲ. ಅದೇ ಮನೆತನದ ಡಾಕ್ಟರ್ ಅಲೆಕ್ಸಾಂಡರ್ ಕೊಪ್ಪೆಲ್ ಊರು ಬಿಟ್ಟು ಹೋಗದೆ ಉಳಿದರು. 1942ರಲ್ಲಿ ಅವರನ್ನು ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು. ಮುದುಕರಾಗಿದ್ದರು. ಅದೇ ವರ್ಷ ಅಲ್ಲೇ ತೀರಿಕೊಂಡರು. ಈಗ ಸೋಲಿಂಗನ್ನಿನಲ್ಲಿ ಒಂದು ಶಾಲೆಗೆ ಅವರ ಹೆಸರಿದೆ.

ಒಂದೇ ಕಠಾರಿ. ಅಡ್ಡಪಟ್ಟಿಯ ಮೇಲೆ ಅವರನ್ನು ಕೊಂದವರ ಚಿಹ್ನೆ, ಎರಡು ಇಂಚು ಕೆಳಗೆ ಅಲಗಿನ ಮೇಲೆ ಅವರ ಹೆಸರು. ಇದನ್ನು ಜಗಲಿಯಲ್ಲಿ ಕೂತು ಅಜ್ಜಿಗೂ ಮೊಮ್ಮಗನಿಗೂ ಹೇಳಿದೆ. ಅಜ್ಜಿ ತಕ್ಕಡಿಯ ಗುರುತು ಎಲ್ಲಿದೆ ತೋರಿಸು ಎಂದು ಕನ್ನಡಕ ತರಿಸಿಕೊಂಡು ನೋಡಿದರು. ನನಗೆ ಈ ಸಂಗ್ರಹದ ಹುಚ್ಚು ಯಾಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದು. ಚಂದ ಎಂದು ಅಲ್ಲ. ಇಷ್ಟು ಚೆನ್ನಾಗಿ ಕೆಲಸ ಬಲ್ಲ ಊರಿನಲ್ಲಿ ಏನು ನಡೆಯಿತು ಎಂಬುದಕ್ಕೆ ಕೈಯಲ್ಲಿ ಹಿಡಿಯಬಹುದಾದ ಸಾಕ್ಷಿ ಎಂದು.

ಅಂಗಡಿಗೆ ಬರುವ ಹುಡುಗರಲ್ಲಿ ಕೆಲವರು ಹದ್ದಿನ ಫೋಟೋ ನೋಡಿ "ಸ್ವಸ್ತಿಕ ಇದೆ, ನಮ್ಮದೇ ಅಲ್ವಾ ಸರ್" ಅನ್ನುತ್ತಾರೆ. ಅಲ್ಲ ಎಂದು ನೇರವಾಗಿ ಹೇಳುತ್ತೇನೆ. ಮನೆಬಾಗಿಲಿಗೆ ಅರಿಶಿನ ಕುಂಕುಮದಲ್ಲಿ ಬರೆಯುವುದಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ. ಜರ್ಮನಿಯಲ್ಲಿ ಈ ಚಿಹ್ನೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ಅಪರಾಧ. ನನ್ನ ಸಂಗ್ರಹವನ್ನು ನಾನು ಗೋಡೆಗೆ ನೇತುಹಾಕಿಲ್ಲ, ಹಾಕುವುದೂ ಇಲ್ಲ. ಡ್ರಾಯರಿನಲ್ಲಿದೆ. ಕೇಳಿದವರಿಗೆ ತೆಗೆದು, ಕೊಪ್ಪೆಲ್ ಕಥೆಯ ಜೊತೆ ತೋರಿಸುತ್ತೇನೆ.

ಮೋಸದ ಮಾಲಿನ ಬಗ್ಗೆ ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ಪೂರಾ ನಕಲು ಗುರುತಿಸುವುದು ಸುಲಭ. ನಮ್ಮ ದೇಶದಲ್ಲೇ ಅಂಥವು ತಯಾರಾಗುತ್ತವೆ. ಹದ್ದಿನ ಎದೆಯ ಗರಿಗಳು ಮೇಣದ ಹಾಗೆ ಕರಗಿದಂತೆ ಇರುತ್ತವೆ, ಅಡ್ಡಪಟ್ಟಿಯ ಅಂಚಿನಲ್ಲಿ ಅಚ್ಚಿನ ಗೆರೆ ಉಳಿದಿರುತ್ತದೆ. ಕಷ್ಟ ಕೊಡುವುದು ಅಸಲಿ ಭಾಗಗಳನ್ನೇ ಜೋಡಿಸಿದ್ದು. ಯುದ್ಧ ಮುಗಿದ ಮೇಲೆ ಸೋಲಿಂಗನ್ನಿನಲ್ಲಿ ಬಿಡಿಭಾಗಗಳು ಬೇಕಾದಷ್ಟು ಉಳಿದಿದ್ದವು. ಮೊದಮೊದಲ ಕಠಾರಿಗಳ ಲೋಹ ಹಿತ್ತಾಳೆಯಂಥದ್ದು, ಮೇಲೆ ಬೆಳ್ಳಿ ಅಥವಾ ನಿಕ್ಕಲ್ ಲೇಪ. ಆಮೇಲಿನವುಗಳಲ್ಲಿ ಅಲ್ಯೂಮಿನಿಯಂ, ಸತು. ಸತುವಿನ ಮೇಲೆ ಲೇಪ ನಿಲ್ಲುವುದಿಲ್ಲ, ಬೂದು ಬಣ್ಣಕ್ಕೆ ತಿರುಗುತ್ತದೆ. ಹಿತ್ತಾಳೆಯ ಅಡ್ಡಪಟ್ಟಿಗೆ ಸತುವಿನ ಗುಂಡು ಕೂತಿದ್ದರೆ ಕಾರಣ ಕೇಳಬೇಕು.

ಇನ್ನೊಂದು, ನಾಜಿ ಪಕ್ಷದ ಸ್ವಂತ ದಳವಾದ ಎಸ್‌ಎ ಪಡೆಯ ಕಂದು ಮರದ ಹಿಡಿಯ ಕಠಾರಿ. ಅದರ ಅಲಗಿನ ಮೇಲೆ "ಎಲ್ಲವೂ ಜರ್ಮನಿಗಾಗಿ" ಎಂಬ ಅರ್ಥದ ಮಾತನ್ನು ಆಸಿಡ್‌ನಲ್ಲಿ ಕೊರೆದಿರುತ್ತಾರೆ. ಕೆಲವು ಅಲಗುಗಳ ಹಿಂದೆ ಅವರ ಮುಖಂಡ ಅರ್ನ್‌ಸ್ಟ್ ರ‍್ಯೋಮ್‌ನ ಸಹಿಯೂ ಇತ್ತು. 1934ರ ಜೂನ್ ಕೊನೆಗೆ ಹಿಟ್ಲರ್ ಅವನನ್ನು ಹಿಡಿಸಿ, ಆಮೇಲೆ ಕೊಲ್ಲಿಸಿದ. ಆ ಸಹಿಯನ್ನು ಉಜ್ಜಿ ತೆಗೆಯಿರಿ ಎಂದು ಆದೇಶ ಹೋಯಿತು. ಹಾಗಾಗಿ ಸಹಿ ಪೂರ್ತಿ ಉಳಿದದ್ದು ಅಪರೂಪ, ಬೆಲೆ ಜಾಸ್ತಿ, ಮೋಸವೂ ಅಲ್ಲೇ ಜಾಸ್ತಿ. ನನ್ನ ಹತ್ತಿರ ಇರುವುದು ಉಜ್ಜಿದ್ದು. ಲೂಪಿನಲ್ಲಿ ನೋಡಿದರೆ ಅಡ್ಡ ಗೀರುಗಳ ನಡುವೆ ಒಂದೆರಡು ಅಕ್ಷರದ ಬಾಲ ಮಸುಕಾಗಿ ಕಾಣುತ್ತದೆ. ಯಾರೋ ಹೆದರಿ, ಅವಸರದಲ್ಲಿ ಉಜ್ಜಿದ್ದಾರೆ. ಪೂರ್ತಿ ಸಹಿ ಇರುವುದಕ್ಕಿಂತ ಇದೇ ನನಗೆ ಇಷ್ಟ. ಹೊಸದಾಗಿ ಲೇಸರಿನಲ್ಲಿ ಕೊರೆದದ್ದಾದರೆ ಅಕ್ಷರದ ತಳದಲ್ಲಿ ಒಂದೇ ಸಮನೆಯ ಚುಕ್ಕಿ ಸಾಲು ಸಿಗುತ್ತದೆ. ಆಸಿಡ್ ಹಾಗೆ ಅಚ್ಚುಕಟ್ಟಾಗಿ ತಿನ್ನುವುದಿಲ್ಲ.

ಜರ್ಮನ್ ಅಲಗು ನಮ್ಮ ಕಡೆಗೆ ಹೊಸದೇನಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಳದಿ ನಾಯಕರ ಕಾಲದಲ್ಲೇ ಯುರೋಪಿನ ಅಲಗುಗಳು ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಇಲ್ಲಿಯ ಹಿಡಿ ಕೂರಿಸಿದರೆ ಅದೇ ಫಿರಂಗಿ ಕತ್ತಿ. ಓಡುವ ತೋಳದ ಗುರುತು ಇದ್ದರೆ ಅದು ಪಾಸಾವು ಊರಿನದ್ದು, ಇಲ್ಲವೇ ಆ ಗುರುತನ್ನು ತಾವೂ ಹಾಕಿಕೊಂಡ ಸೋಲಿಂಗನ್ನಿನವರದ್ದು.

ಮಲೆನಾಡಿನಲ್ಲಿ ಇವನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಜೂನ್‌ನಿಂದ ಗೋಡೆ ಬೆವರಲು ಶುರು. ನಮ್ಮ ಹಿರಿಯರು ಕತ್ತಿ, ಕುಡುಗೋಲುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಹೊಗೆ, ಶಾಖ ಎರಡೂ ತುಕ್ಕು ತಡೆಯುತ್ತಿದ್ದವು. ಆದರೆ ಸೆಲ್ಯುಲಾಯ್ಡ್ ಹಿಡಿಯ ಕಠಾರಿಯನ್ನು ಒಲೆಯ ಹತ್ತಿರ ತರಲೇಬೇಡಿ. ಶಾಖಕ್ಕೆ ಅದು ಕುಗ್ಗಿ ಸೀಳುತ್ತದೆ, ಬೆಂಕಿಯ ಭಯವೂ ಇದೆ. ಹಾಗಂತ ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡುವುದೂ ತಪ್ಪು. ಸೆಲ್ಯುಲಾಯ್ಡ್ ಹಳತಾದಂತೆ ಹುಳಿ ಆವಿ ಬಿಡುತ್ತದೆ, ಆ ಆವಿ ಒಳಗೇ ನಿಂತು ಲೋಹವನ್ನು ತಿನ್ನುತ್ತದೆ. ನಾನು ಮಾಡುವುದು ಇಷ್ಟು: ಅಲಗಿಗೆ ತೆಳುವಾಗಿ ಮೇಣ, ತೊಳೆದ ಹತ್ತಿ ಬಟ್ಟೆ, ಮರದ ಡ್ರಾಯರ್, ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಅಲಗನ್ನು ಒರೆಯಿಂದ ಹೊರಗೆ ಇಡುತ್ತೇನೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಕೆಲವು ತಿಂಗಳಿಗೆ ಅಂಟು ಅಂಟಾಗುತ್ತದೆ, ಬೇಡ.

ದೀಪಾವಳಿಗೆ ದೀಪಗಳ ಜೊತೆ ಇದನ್ನೂ ಹುಣಸೆಹಣ್ಣು ಹಾಕಿ ತಿಕ್ಕುವ ಮನೆಗಳಿವೆ. ತಿಕ್ಕಿದ ಮೇಲೆ ನನಗೆ ಓದಲು ಏನೂ ಉಳಿಯುವುದಿಲ್ಲ. ಕಪ್ಪು, ಕೊಳೆ, ಹಿಂಬದಿಯ ಸವೆತ, ಇವೇ ಅದರ ಜಾತಕ. ಹೊಳೆಯುವ ಕಠಾರಿಗಿಂತ ಮಂಕಾದ ಕಠಾರಿಗೆ ನಾನು ಜಾಸ್ತಿ ಕೊಡುತ್ತೇನೆ.

ಕಾನೂನಿನ ಮಾತು. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಇರುವ ಕಠಾರಿಗಳು 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿವೆ. ಮನೆ ಬಳಕೆಯ, ಕೃಷಿಯ ಕತ್ತಿಗಳಿಗೆ ವಿನಾಯಿತಿ ಇದೆ, ಇದಕ್ಕಿಲ್ಲ. ಭೂಸೇನೆಯ ಕಠಾರಿಯ ಅಲಗು ಸುಮಾರು 10 ಇಂಚು ಬರುತ್ತದೆ. ಪರವಾನಗಿಯ ವಿಷಯ ಆಯಾ ಪ್ರದೇಶದ ಅಧಿಸೂಚನೆ ಮೇಲೆ ನಿಂತಿರುವುದರಿಂದ, ಕೊಳ್ಳುವ ಮೊದಲು ನಿಮ್ಮ ಊರಿನ ಠಾಣೆಯಲ್ಲಿ ಕೇಳಿ. ಹೊಸನಗರದ ಮನೆಯವರಿಗೂ ಇದನ್ನೇ ಹೇಳಿದೆ. ಅವರು ಮಾರುವುದಿಲ್ಲ ಎಂದರು. ಮಾರಿ ಎಂದು ನಾನೂ ಕೇಳಲಿಲ್ಲ. ಅಜ್ಜನ ಸೇವಾ ಪುಸ್ತಕ, ಒಂದು ಫೋಟೋ, ಕಠಾರಿ, ಖಾಕಿ ಬಟ್ಟೆ ನಾಲ್ಕನ್ನೂ ಒಂದೇ ಕಡೆ ಇಡಿ, ಬೇರೆ ಮಾಡಬೇಡಿ ಎಂದಷ್ಟೇ ಬರೆದುಕೊಟ್ಟೆ. ಯಾರಿಂದ, ಎಲ್ಲಿಂದ ಬಂತು ಎಂಬ ಕಾಗದ ಇಲ್ಲದ ಕಠಾರಿ ಅರ್ಧ ಮಾತ್ರ.

ನಿಮ್ಮ ಮನೆಯಲ್ಲೂ ಸೇನೆಯಲ್ಲಿದ್ದ ಅಜ್ಜ, ದೊಡ್ಡಪ್ಪ ತಂದಿಟ್ಟ ಇಂಥದ್ದೇನಾದರೂ ಇದ್ದರೆ ಒರೆಸದೆ, ಬಿಚ್ಚದೆ ಫೋಟೋ ತೆಗೆಯಿರಿ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಎಲ್ಲರೂ ಹದ್ದಿನ ಮುಖವನ್ನೇ ತೆಗೆದು ಕಳಿಸುತ್ತಾರೆ. ನನಗೆ ಬೇಕಿರುವುದು ಹಿಂದಿನ ಮುಖ, ಒರೆಯ ಬಾಯಿಯ ಎರಡು ಸ್ಕ್ರೂ, ಅಲಗಿನ ಬುಡದ ಚರ್ಮ, ಮತ್ತೆ ಮುದ್ರೆ. ಮುದ್ರೆ ಸರಿಯಾಗಿ ಬರಬೇಕಾದರೆ ಅಲಗನ್ನು ಕಿಟಕಿಗೆ ಓರೆಯಾಗಿ ಹಿಡಿಯಿರಿ.